ಉದ್ಯಮಬಾಗದ ಡ್ರಾಯಿಂಗಿಗೆ ಪರವೂರ ಬೀಗ!

ಬೆಳಗಾವಿಯ ಉದ್ಯಮಬಾಗದ ಒಳರಸ್ತೆಯಲ್ಲಿ ಒಂದು ಶೆಡ್ಡು. ಮುಂದೆ ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು. ಹಿಂದೆ ಕಟ್ಟಿಗೆ ಮತ್ತು ಅಲ್ಯುಮಿನಿಯಂ ಪ್ಯಾಟರ್ನುಗಳ ರಾಶಿ. ಮೂಲೆಯಲ್ಲಿ ಗಾಜಿನ ಗೂಡು, ಅದರೊಳಗೆ ಎರಡು ಕಂಪ್ಯೂಟರು. ಊರಿನ ಫೌಂಡ್ರಿಗಳಿಗೆ ಬೇಕಾದ ಪ್ಯಾಟರ್ನು, ಕೋರ್‌ಬಾಕ್ಸು ಎಲ್ಲ ಮೊದಲು ಈ ಗೂಡಿನ ಪರದೆಯ ಮೇಲೆ ಹುಟ್ಟಬೇಕು, ಆಮೇಲೆ ಮಷೀನಿಗೆ ಹೋಗಬೇಕು. ಎಂಟು ಜನರ ಸಂಸಾರ ಈ ಶೆಡ್ಡಿನ ಮೇಲೆ ನಡೆದಿದೆ.

2025ರ ಅಕ್ಟೋಬರ್ 14ರಂದು ಈ ಗೂಡಿಗೆ ಗ್ರಹಣ ಹಿಡಿಯಿತು. ಕರೆಂಟು ಹೋಗಲಿಲ್ಲ, ಕಂಪ್ಯೂಟರು ಸುಡಲಿಲ್ಲ, ಕಳ್ಳರು ಬರಲಿಲ್ಲ. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ 10ರ ಉಸ್ತುವಾರಿಯಿಂದ ಅಂದು ಕೈ ತೊಳೆದುಕೊಂಡಿತು. ಅಷ್ಟೇ!

ವಿಂಡೋಸ್ ಅಂದರೆ ಕಂಪ್ಯೂಟರಿನ ಕಾರಭಾರಿ. ಮನೆಯ ಯಜಮಾನ ಯಾರೇ ಇರಲಿ, ಉಗ್ರಾಣದ ಕೀಲಿ, ಆಳುಕಾಳಿನ ಲೆಕ್ಕ, ಬಾಗಿಲು ತೆಗೆಯುವುದು ಹಾಕುವುದು ಎಲ್ಲ ಕಾರಭಾರಿಯ ಕೈಯಲ್ಲಿ. ಕಂಪ್ಯೂಟರಿನವರು ಇದಕ್ಕೆ ಆಪರೇಟಿಂಗ್ ಸಿಸ್ಟಂ ಅನ್ನುತ್ತಾರೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10 ಹತ್ತು ವರ್ಷ ದುಡಿಯಿತು. ಈಗಲೂ ದುಡಿಯುತ್ತದೆ, ಆದರೆ ವೈರಸ್ಸಿನ ವಿರುದ್ಧ, ಕನ್ನ ಹಾಕುವವರ ವಿರುದ್ಧ ಕಂಪನಿಯಿಂದ ತಿಂಗಳಿಗೊಮ್ಮೆ ಪುಕ್ಕಟೆ ಬರುತ್ತಿದ್ದ ತೇಪೆ ನಿಂತಿತು. ಇನ್ನೂ ಬೇಕೆನ್ನುವ ವ್ಯಾಪಾರಸ್ಥರಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್ ದರ ಗೊತ್ತು ಮಾಡಿದರು. ಎರಡನೇ ವರ್ಷ ಅದರ ದುಪ್ಪಟ್ಟು, ಮೂರನೇ ವರ್ಷ ಅದರದೂ ದುಪ್ಪಟ್ಟು, ಅಲ್ಲಿಗೆ ಖತಂ. ಮೀಟರ್ ಬಡ್ಡಿಯವರೂ ನಾಚಬೇಕು!

ಹಾಗಾದರೆ ವಿಂಡೋಸ್ 11 ಹಾಕಿಕೊಳ್ಳಬಾರದೇ ಎಂದು ಓದುಗರು ಕೇಳಬಹುದು. 2021ರ ಅಕ್ಟೋಬರಿನಲ್ಲಿ ಬಂದ ಆ ಹೊಸ ಕಾರಭಾರಿ ಎಲ್ಲರ ಮನೆಗೂ ಬರುವವನಲ್ಲ. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಈಚಿನದು ಇರಬೇಕು, ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಇರಬೇಕು ಎಂಬ ಕರಾರು. ಶೆಡ್ಡಿನ ಕಂಪ್ಯೂಟರುಗಳು 2016ರವು, ಆರನೇ ತಲೆಮಾರಿನವು. ಗಟ್ಟಿಮುಟ್ಟಾಗಿವೆ. ಆದರೂ ಕಂಪನಿಯ ಪ್ರಕಾರ ನಾಲಾಯಕ್ಕು.

“ಒಂಬತ್ತ ವರ್ಷ ಆತ್ರೀ, ಒಂದ ದಿನಾ ಕೈ ಕೊಟ್ಟಿಲ್ಲ. ಛಲೋ ದುಡಿಯೋ ಎತ್ತ ಕಟಗರಿಗೆ ಕೊಡ್ರಿ ಅಂದ್ರ ಹೆಂಗ ಕೊಡೂದರೀ?” ಎಂಬುದು ಶೆಡ್ಡಿನ ಮಾಲಕರ ಪ್ರಶ್ನೆ.

ಪುಕ್ಕಟೆ ಕಾರಭಾರಿ ಬಂದ

ಮಾಲಕರ ಅಕ್ಕನ ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಚುರುಕು ಹುಡುಗ. “ಮಾಮಾ, ಲಿನಕ್ಸ್ ಹಾಕೂಣು. ರೊಕ್ಕಾ ಇಲ್ಲ, ಹಳೇ ಮಷೀನದಾಗೂ ಹಗುರ ಓಡತೈತಿ” ಎಂದು ಪೆನ್‌ಡ್ರೈವ್ ಹಿಡಿದುಕೊಂಡು ಬಂದ. ಮಾಮಾ ನಂಬಲಿಲ್ಲ. “ಪುಕ್ಕಟ ಕೊಡಾಂವ ಏನರ ಒಂದ ಇಟ್ಟಿರತಾನ ತಮ್ಮಾ” ಎಂದರು.

ಲಿನಕ್ಸಿನಲ್ಲಿ ಯಾರೂ ಏನೂ ಇಟ್ಟಿಲ್ಲ. 1991ರಲ್ಲಿ ಫಿನ್ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ಲೋಕದ ಸಾವಿರಾರು ಜನ ಸೇರಿ ಬೆಳೆಸಿದ್ದು. ಹುಡುಗ ಒಂದು ಕಂಪ್ಯೂಟರಿಗೆ ಅದನ್ನು ಹಾಕಿದ. ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. ಕನ್ನಡ ಬಂತು, ಇಂಟರ್‌ನೆಟ್ ಬಂತು, ಪ್ರಿಂಟರೂ ಮಾತು ಕೇಳಿತು. ಮಾಲಕರು ಖುಷಿಯಾಗಿ ಎಲ್ಲರಿಗೂ ಚಹಾ ಹೇಳಿದರು.

ಚಹಾ ಆರುವ ಮುಂಚೆಯೇ ಖುಷಿ ಆರಿತು. ಪಂಪ್ ಕೇಸಿಂಗಿನ ಒಂದು ಹಳೆಯ ಡ್ರಾಯಿಂಗ್ ತೆಗೆಯಲು ಹೋದರೆ ತೆರೆಯಲೇ ಇಲ್ಲ. ಶೆಡ್ಡಿನಲ್ಲಿ ಒಂಬತ್ತು ವರ್ಷದಿಂದ ನಡೆದದ್ದು ವಿಂಡೋಸಿನಲ್ಲಿ ಮಾತ್ರ ಓಡುವ ಒಂದು 3ಡಿ ಡಿಸೈನ್ ಸಾಫ್ಟ್‌ವೇರು. ಹೆಸರು ಬೇಡ, ಅಂಥವು ಮಾರುಕಟ್ಟೆಯಲ್ಲಿ ನಾಲ್ಕಾರಿವೆ, ಎಲ್ಲದರ ಜಾತಕವೂ ಹೆಚ್ಚುಕಡಿಮೆ ಒಂದೇ. ಮಾಲಕರು ಅದರ ಲೈಸೆನ್ಸನ್ನು ಹೆಂಡತಿಯ ಪಾಟಲಿ ಒತ್ತೆ ಇಟ್ಟು ಕೊಂಡವರು. ಕ್ರ್ಯಾಕ್ ಹಾಕಿಕೊಂಡು ನಡೆಸುವ ಶೆಡ್ಡುಗಳಿಗೇನೂ ಬರವಿಲ್ಲ. ಅಂಥವರು ಕಾಪಿರೈಟ್ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾಗಿ ಸೇರಿದ 63ಬಿ ಕಲಮನ್ನು ಒಮ್ಮೆ ಓದಿಕೊಳ್ಳುವುದು ಕ್ಷೇಮ. ಕಳ್ಳ ಪ್ರತಿ ಎಂದು ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಎಂದು ಬರೆದಿದೆ.

ಈ ಮಾಲಕರದು ಸಾಚಾ ಪ್ರತಿ. ಆದರೂ ಸಿಕ್ಕಿಬಿದ್ದರು. ಅದೇ ತಮಾಷೆ.

ಒಂದೇ ರಾಜ್ಯ, ಎರಡು ರಿವಾಜು

ಬೆಂಗಳೂರಿನಲ್ಲಿ ಮೊಬೈಲಿನ, ಕಾರಿನ ಚಿಪ್ಪು ಡಿಸೈನ್ ಮಾಡುವ ದೊಡ್ಡ ದೊಡ್ಡ ಕಚೇರಿಗಳಿವೆ. ಅಲ್ಲಿನ ಎಂಜಿನಿಯರು ಎದುರಿಗೆ ಯಾವ ಲ್ಯಾಪ್‌ಟಾಪ್ ಇಟ್ಟುಕೊಂಡಿರಲಿ, ಕ್ಯಾಡೆನ್ಸ್, ಸಿನಾಪ್ಸಿಸ್ ಕಂಪನಿಗಳ ಡಿಸೈನ್ ಸಾಫ್ಟ್‌ವೇರ್ ಓಡುವುದು ಲಿನಕ್ಸಿನ ಮೇಲೆ. ಅಲ್ಲಿ ಲಿನಕ್ಸ್ ಬಡವರ ಪರ್ಯಾಯವಲ್ಲ, ಅದೇ ರಾಜಮಾರ್ಗ. ಎರಕದ ಒತ್ತಡ, ಶಾಖ, ನೀರಿನ ಹರಿವು ಲೆಕ್ಕ ಹಾಕುವ ಆನ್ಸಿಸ್‌ನಂಥ ಭಾರಿ ಸಾಫ್ಟ್‌ವೇರಿನ ಲೆಕ್ಕದ ಭಾಗವೂ ಲಿನಕ್ಸಿನ ಮೇಲೆ ಓಡುತ್ತದೆ. ಹಾಗಿದ್ದ ಮೇಲೆ ಪ್ಯಾಟರ್ನ್ ಡ್ರಾಯಿಂಗಿಗೆ ಮಾತ್ರ ಈ ಶಾಪ ಯಾಕೆ?

ಹಳೆಯ ಕಥೆ ಕೆದಕಿದರೆ ವಿಚಿತ್ರ ಹೊರಬೀಳುತ್ತದೆ. 1982ರ ಕೊನೆಗೆ ಬಂದ ಆಟೋಕ್ಯಾಡ್ ಆಗಿನ ಸಣ್ಣ ಕಂಪ್ಯೂಟರುಗಳಲ್ಲಿ ಓಡುತ್ತಿತ್ತು; ಮುಂದೆ ಯುನಿಕ್ಸ್ ಎಂಬ ಕಾರಭಾರಿಯ ಕೆಳಗೂ ಓಡಿತು. ಲಿನಕ್ಸ್ ಆ ಯುನಿಕ್ಸಿನ ಪಡಿಯಚ್ಚು. 3ಡಿ ಡಿಸೈನಿನ ರೀತಿಯನ್ನೇ ಬದಲಿಸಿದ ಪ್ರೊ ಎಂಜಿನಿಯರ್ 1988ರಲ್ಲಿ ಬಂದದ್ದೇ ಯುನಿಕ್ಸ್ ವರ್ಕ್‌ಸ್ಟೇಷನ್ನಿನ ಮೇಲೆ. ಆ ಯಂತ್ರಗಳ ಬೆಲೆ ಸಣ್ಣ ಶೆಡ್ಡಿನವರ ಕನಸಿಗೂ ನಿಲುಕುವಂಥದಲ್ಲ. 1995ರಲ್ಲಿ ಸಾಲಿಡ್‌ವರ್ಕ್ಸ್ ಬಂತು, ಮಾಮೂಲಿ ವಿಂಡೋಸ್ ಕಂಪ್ಯೂಟರಿನಲ್ಲೇ 3ಡಿ ಮಾಡಿ ತೋರಿಸಿತು. ಎರಡೇ ವರ್ಷದಲ್ಲಿ ಫ್ರಾನ್ಸಿನ ದಸೋ ಕಂಪನಿ ಅದನ್ನು ಸುಮಾರು 31 ಕೋಟಿ ಡಾಲರಿಗೆ ಕೊಂಡಿತು. ಅದೇ 1997ರಲ್ಲಿ ಆಟೋಕ್ಯಾಡಿನ 14ನೇ ಆವೃತ್ತಿ ಯುನಿಕ್ಸ್, ಡಾಸ್ ಎರಡನ್ನೂ ಬಿಟ್ಟು ವಿಂಡೋಸಿಗೆ ಮಾತ್ರ ಬಂತು. ಚಿಪ್ಪಿನವರು ಯುನಿಕ್ಸಿನಿಂದ ಲಿನಕ್ಸಿಗೆ ಸಾಗಿದರು, ಕಬ್ಬಿಣದವರು ವಿಂಡೋಸಿಗೆ ಸಾಗಿದರು. ದಾರಿ ಕವಲೊಡೆದದ್ದು ಅಲ್ಲಿ.

ಅಂದರೆ ಸಣ್ಣ ಶೆಡ್ಡಿಗೆ 3ಡಿ ತಂದುಕೊಟ್ಟದ್ದು ವಿಂಡೋಸೇ. ಆ ಮಾತು ಮರೆಯುವಂತಿಲ್ಲ. ಅಗ್ಗವಾಗಿ ತಂದುಕೊಟ್ಟ ಬಾಗಿಲೇ ಈಗ ಒಳಗಿನಿಂದ ಚಿಲಕ ಹಾಕಿಕೊಂಡಿದೆ, ಅಷ್ಟೇ ವ್ಯತ್ಯಾಸ. ಆ್ಯಪಲ್ ಕಂಪನಿಯ ಮ್ಯಾಕ್ ಇಟ್ಟುಕೊಂಡವರಿಗೆ 2010ರಲ್ಲಿ ಆಟೋಕ್ಯಾಡ್ ಮರಳಿ ಬಂತು. ಲಿನಕ್ಸಿನವರಿಗೆ ಅದೂ ಇಲ್ಲ.

ಇನ್ನೂ ಒಂದು ಮಾತು ಕೇಳಿದರೆ ನಗು ಬರುತ್ತದೆ. ಸಾಲಿಡ್‌ವರ್ಕ್ಸಿನ ಹೊಟ್ಟೆಯೊಳಗೆ ಆಕಾರ ಲೆಕ್ಕ ಹಾಕುವ ಗಿರಣಿಯ ಹೆಸರು ಪ್ಯಾರಾಸಾಲಿಡ್. ಈ ಗಿರಣಿ ಲಿನಕ್ಸಿನಲ್ಲೂ ಓಡುತ್ತದೆ! ಸಾಲಿಡ್‌ವರ್ಕ್ಸ್ ಕಟ್ಟಿದ ಜಾನ್ ಹರ್ಷ್‌ಟಿಕ್ ಅವರೇ ಆಮೇಲೆ ಹೊರಗೆ ಬಂದು ಆನ್‌ಶೇಪ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕಟ್ಟಿದರು. ಅದರೊಳಗೂ ಅದೇ ಗಿರಣಿ. ಅದು ಬ್ರೌಸರಿನಲ್ಲೇ ನಡೆಯುತ್ತದೆ, ಆದ್ದರಿಂದ ಕಾರಭಾರಿ ಯಾರಾದರೂ ಅದಕ್ಕೆ ಪರವಾಗಿಲ್ಲ. ಹುಡುಗ ಅದನ್ನೂ ತೋರಿಸಿದ. ಪುಕ್ಕಟೆ ಖಾತೆಯಲ್ಲಿ ಮಾಡಿದ ಡ್ರಾಯಿಂಗ್ ಲೋಕಕ್ಕೆಲ್ಲ ಕಾಣುತ್ತದೆ ಎಂದು ತಿಳಿದ ಕೂಡಲೇ ಮಾಲಕರು ಕೈ ಮುಗಿದರು. “ಗಿರಾಕಿ ಡ್ರಾಯಿಂಗ್ ಬಜಾರದಾಗ ಹರವಿದ್ರ ನಾಳೆ ನನ್ನ ಶೆಡ್ಡಿಗೆ ಯಾರ ಬರತಾರ?”

ದುಭಾಷಿ, ಬಾಡಿಗೆ ಕೋಣೆ, ಹೊಸ ಮನೆ

ಹುಡುಗ ಸೋಲೊಪ್ಪುವವನಲ್ಲ. ಮೊದಲು ವೈನ್ ಹಾಕಿದ. ಕುಡಿಯುವುದಲ್ಲ! 1993ರಿಂದ ಬೆಳೆದು ಬಂದ ಒಂದು ಸಾಫ್ಟ್‌ವೇರು. ವಿಂಡೋಸಿನ ಕಾರ್ಯಕ್ರಮ ಏನಾದರೂ ಕೇಳಿದರೆ ಅದನ್ನು ಲಿನಕ್ಸಿನ ಭಾಷೆಗೆ ತಿರುಗಿಸಿ ಹೇಳುವ ದುಭಾಷಿ. ವಿಂಡೋಸಿನ ಎಷ್ಟೋ ಆಟಗಳು ಇಂದು ಇದರ ಬಲದಿಂದ ಲಿನಕ್ಸಿನಲ್ಲಿ ಸೊಗಸಾಗಿ ಓಡುತ್ತವೆ. ಡಿಸೈನ್ ಸಾಫ್ಟ್‌ವೇರಿನ ಸಂಸಾರ ಮಾತ್ರ ದೊಡ್ಡದು. ಅಳತೆಗಳ ಪಟ್ಟಿಗೆ ಎಕ್ಸೆಲ್ ಬೇಕು, ಮ್ಯಾಕ್ರೋಗೆ ವಿಷುಯಲ್ ಬೇಸಿಕ್ ಬೇಕು, ಡಾಟ್‌ನೆಟ್ ಬೇಕು, ಲೈಸೆನ್ಸ್ ಕಾಯುವ ಜವಾನ ಬೇರೆ ಹಿಂದೆಯೇ ನಿಂತಿರಬೇಕು. ದುಭಾಷಿಗೆ ಮಾತು ಬರುತ್ತದೆ, ಬೀಗರ ಮನೆಯ ಎಲ್ಲ ರೀತಿ ರಿವಾಜು ಬರಬೇಕಲ್ಲ! ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು. ಮೂರು ರಾತ್ರಿ ಹೋಯಿತು.

ಆಮೇಲೆ ವರ್ಚುಯಲ್‌ಬಾಕ್ಸ್. ಲಿನಕ್ಸ್ ಮನೆಯೊಳಗೆ ಒಂದು ಕೋಣೆ ಮಾಡಿ ವಿಂಡೋಸನ್ನು ಬಾಡಿಗೆಗೆ ಕೂರಿಸುವ ಉಪಾಯ. ಇದು ನಡೆಯಿತು. ಸಣ್ಣ ಬುಷ್, ಫ್ಲ್ಯಾಂಜ್ ಎಲ್ಲ ತೆರೆದವು. ಐವತ್ತು ಭಾಗದ ಒಂದು ಜೋಡಣೆ ತೆರೆದು ಮೌಸಿನಿಂದ ತಿರುಗಿಸಿದರೆ ಮಾತ್ರ ತೇರು ಎಳೆದಂತೆ ನಿಂತು ನಿಂತು ತಿರುಗಿತು. ಕೋಣೆಯೊಳಗಿನವನಿಗೆ ಅಸಲಿ ಗ್ರಾಫಿಕ್ಸ್ ಕಾರ್ಡ್ ಸಿಗುವುದಿಲ್ಲ, ಅದರ ನೆರಳು ಸಿಗುತ್ತದೆ. ಅಸಲಿ ಕಾರ್ಡನ್ನೇ ಅವನಿಗೆ ಒಪ್ಪಿಸುವ ದಾರಿ ಇದೆ. ಅದಕ್ಕೆ ಸಾಮಾನ್ಯವಾಗಿ ಇನ್ನೊಂದು ಕಾರ್ಡು ಬೇಕು, ಒಪ್ಪುವ ಮದರ್‌ಬೋರ್ಡ್ ಬೇಕು, ತಾಳ್ಮೆ ಬೇಕು. ಇಷ್ಟಾಗಿ ಬಾಡಿಗೆಗೆ ಕೂತವನು ಯಾರು? ಅದೇ ವಿಂಡೋಸ್ 10. ಹಾವನ್ನು ಹೊರಗಿನಿಂದ ತಂದು ಬುಟ್ಟಿಯಲ್ಲಿ ಇಟ್ಟಂತಾಯಿತು.

ಮೂರನೆಯದು ಫ್ರೀಕ್ಯಾಡ್. ದುಭಾಷಿಯೂ ಅಲ್ಲ, ಬಾಡಿಗೆಯೂ ಅಲ್ಲ; ಲಿನಕ್ಸಿನಲ್ಲಿ ತನ್ನ ಕಾಲ ಮೇಲೆ ನಿಲ್ಲುವ, ಪುಕ್ಕಟೆ 3ಡಿ ಸಾಫ್ಟ್‌ವೇರು. ಯೂರ್ಗನ್ ರೀಗೆಲ್ ಮೊದಲಾದವರು 2002ರಲ್ಲಿ ಶುರು ಮಾಡಿದ್ದು 1.0 ಎಂಬ ಹೆಸರು ಹೊತ್ತು ಹೊರಬಂದದ್ದು 2024ರ ನವೆಂಬರಿನಲ್ಲಿ. ಇಪ್ಪತ್ತೆರಡು ವರ್ಷ! ಇಷ್ಟು ತಡವಾಗಲು ಒಂದು ದೊಡ್ಡ ಕಾರಣ ಕೇಳುವಂತಿದೆ. ಇಂಥ ಸಾಫ್ಟ್‌ವೇರು ಒಂದು ಆಕಾರದ ಮುಖಗಳಿಗೆಲ್ಲ ನಂಬರು ಕೊಡುತ್ತದೆ, ಕಾರ್ಪೊರೇಷನ್ನಿನವರು ಮನೆಗೆ ನಂಬರು ಹಾಕಿದ ಹಾಗೆ. ಆರನೇ ಮುಖದ ಮೇಲೆ ತೂತು ಹಾಕು ಎಂದು ಹೇಳಿರುತ್ತೀರಿ. ಮರುದಿನ ಮೊದಲಿನ ಒಂದು ಅಳತೆ ತಿದ್ದಿದರೆ ಮುಖಗಳ ನಂಬರು ಅದಲುಬದಲು. ತೂತು ಹೋಗಿ ಪಕ್ಕದ ಮನೆಯ ಗೋಡೆಗೆ ಬೀಳುತ್ತದೆ! ಪೋಸ್ಟ್‌ಮ್ಯಾನ್ ಹಳೆಯ ನಂಬರು ಹಿಡಿದು ಹೊಸ ಓಣಿಯಲ್ಲಿ ಅಲೆದಂತೆ. ಈ ರಗಳೆಯನ್ನು 1.0ರಲ್ಲಿ ಬಹುಮಟ್ಟಿಗೆ ಪಳಗಿಸಿದರು.

ಹುಡುಗ ಒಂದು ಬೇರಿಂಗ್ ಕ್ಯಾಪಿನ ಪ್ಯಾಟರ್ನನ್ನು ಅದರಲ್ಲಿ ಮೊದಲಿನಿಂದ ಬರೆದ. ಎರಕದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. ಆದ್ದರಿಂದ 200 ಮಿಲಿಮೀಟರಿನ ಮಾಲಿಗೆ 202ರ ಪ್ಯಾಟರ್ನು ಬೇಕು. ಬಂತು. ಮರಳಿನಿಂದ ಪ್ಯಾಟರ್ನು ಸಲೀಸಾಗಿ ಹೊರಬರಲು ಗೋಡೆ ತುಸು ಓರೆ ಇರಬೇಕು. ಅದೂ ಬಂತು. ಎಡವಿದ್ದು ಮೂಲೆ ದುಂಡು ಮಾಡುವಲ್ಲಿ. ಫ್ರೀಕ್ಯಾಡಿನ ಗಿರಣಿ ಓಪನ್ ಕ್ಯಾಸ್ಕೇಡ್. ಮೂರು ನಾಲ್ಕು ದುಂಡುಗಳು ಒಂದೆಡೆ ಸೇರುವ ಮೂಲೆಯಲ್ಲಿ ಅದು ಮುನಿಸಿಕೊಳ್ಳುವುದು ಬಲ್ಲವರಿಗೆಲ್ಲ ಗೊತ್ತು. ಎರಕದ ಮಾಲಿನಲ್ಲಿ ದುಂಡು ಇಲ್ಲದ ಮೂಲೆ ಎಲ್ಲಿದೆ? ಚೂಪು ಬಿಟ್ಟರೆ ಮರಳು ಉದುರುತ್ತದೆ, ಮಾಲು ಬಿರಿಯುತ್ತದೆ. ಹುಡುಗ ಸುತ್ತು ಬಳಸಿ, ಹಂತ ಹಿಂದೆಮುಂದೆ ಮಾಡಿ ಅಂತೂ ಬರೆದ. ಹಳೆಯ ಸಾಫ್ಟ್‌ವೇರಿನಲ್ಲಿ ಒಂದೂವರೆ ತಾಸಿನ ಕೆಲಸಕ್ಕೆ ಒಂದು ದಿನ ಹಿಡಿಯಿತು. ಪ್ಯಾಟರ್ನು ಮಾತ್ರ ಮಷೀನಿನಿಂದ ಸರಿಯಾಗಿಯೇ ಇಳಿಯಿತು, ಮಾಲೂ ಪಾಸಾಯಿತು. ಮಾಲಕರು ವರ್ನಿಯರ್ ಹಿಡಿದು ಎರಡು ಸಲ ಅಳೆದರು.

ಬೀಗ ಇರುವುದು ಬೇರೆ ಕಡೆ

ಅಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹೊಸ ಕೆಲಸಕ್ಕೆ ಹೊಸ ಸಾಫ್ಟ್‌ವೇರು ಸಿಕ್ಕಿತು, ಹಳೆಯ ಒಂದೂವರೆ ಸಾವಿರ ಡ್ರಾಯಿಂಗಿನ ಗತಿ? ಫೌಂಡ್ರಿಯವರು ಆರು ವರ್ಷದ ಹಿಂದಿನ ಪ್ಯಾಟರ್ನು ತಂದು “ಬಾಸ್ ಐದ ಎಂಎಂ ದಪ್ಪ ಮಾಡ್ರಿ” ಅನ್ನುತ್ತಾರೆ. ಶೆಡ್ಡಿನ ಅರ್ಧ ಸಂಪಾದನೆ ಇಂಥ ತಿದ್ದುಪಡಿಯದೇ. ಆ ಫೈಲುಗಳ ಒಳಗುಟ್ಟು ಮಾಡಿದ ಕಂಪನಿಗೇ ಗೊತ್ತು. ಫ್ರೀಕ್ಯಾಡಿಗೆ ಅವು ಕಬ್ಬಿಣದ ಕಡಲೆ.

ಒಂದು ಸಾರ್ವಜನಿಕ ದಾರಿ ಇದೆ. ಸ್ಟೆಪ್ ಎಂಬ ಫೈಲು. ಐಎಸ್‌ಒ 10303 ಎಂಬ ಅಂತರರಾಷ್ಟ್ರೀಯ ಮಾನಕ, 1994ರಿಂದ ಇದೆ. ಎಲ್ಲ ಕಂಪನಿಗಳ ಸಾಫ್ಟ್‌ವೇರೂ ಅದನ್ನು ಬರೆಯುತ್ತದೆ, ಓದುತ್ತದೆ. ಆದರೆ ಅದರಲ್ಲಿ ಬರುವುದು ಆಕಾರ ಮಾತ್ರ. ಮೊದಲು ಏನು ಎಳೆದರು, ಎಲ್ಲಿ ಕೊರೆದರು, ಯಾವ ಅಳತೆಗೆ ಯಾವ ಅಳತೆ ಕಟ್ಟಿದ್ದರು ಎಂಬ ಚರಿತ್ರೆ ಬರುವುದಿಲ್ಲ. ಹೋಳಿಗೆ ಕೈಗೆ ಬಂತು, ಹೂರಣದ ಅಳತೆ ಬರಲಿಲ್ಲ. ಐದು ಮಿಲಿಮೀಟರ್ ದಪ್ಪ ಮಾಡಬೇಕಾದರೆ ಮೇಲಿನಿಂದ ಅಂಟಿಸಬೇಕು ಅಥವಾ ಕೊರೆದು ಹಾಕಬೇಕು.

ಸಪಾಟು ಡ್ರಾಯಿಂಗುಗಳದು ಇಷ್ಟು ಕಷ್ಟವಿಲ್ಲ. ಆಟೋಕ್ಯಾಡಿನ ಡಿಡಬ್ಲ್ಯುಜಿ ಫೈಲಿನ ಗುಟ್ಟನ್ನು ಬಿಡಿಸಲೆಂದೇ 1998ರಲ್ಲಿ ಹಲವು ಕಂಪನಿಗಳು ಕೂಡಿ ಒಂದು ಒಕ್ಕೂಟ ಕಟ್ಟಿದವು; ಇಂದು ಅದರ ಹೆಸರು ಓಪನ್ ಡಿಸೈನ್ ಅಲಯನ್ಸ್. ಬೆಲ್ಜಿಯಂನ ಬ್ರಿಕ್ಸ್‌ಕ್ಯಾಡ್ ದುಡ್ಡು ಕೊಟ್ಟು ಕೊಳ್ಳಬೇಕಾದದ್ದೇ, ಆದರೆ ಲಿನಕ್ಸಿಗೆಂದೇ ಸಿಗುತ್ತದೆ, ಡಿಡಬ್ಲ್ಯುಜಿ ತೆರೆಯುತ್ತದೆ. ಪುಕ್ಕಟೆ ಬೇಕೆನ್ನುವವರಿಗೆ ಲಿಬ್ರೆಕ್ಯಾಡ್ ಇದೆ, ಡಿಎಕ್ಸ್‌ಎಫ್‌ನಲ್ಲಿ ಕೊಟ್ಟರೆ ಸಾಕು. ಸರ್ಕೀಟ್ ಬೋರ್ಡಿನವರಿಗೆ ಕಿಕ್ಯಾಡ್ ಇದೆ. ಉಕ್ಕಿನ ಕಟ್ಟಡ ಲೆಕ್ಕ ಹಾಕುವ ಸಿವಿಲ್‌ನವರಿಗೆ ಐಐಟಿ ಬಾಂಬೆಯವರು ಐಎಸ್ 800ಕ್ಕೆ ಹೊಂದುವಂತೆ ಮಾಡಿದ ಓಸ್‌ಡ್ಯಾಗ್ ಇದೆ, ಅದು ಲಿನಕ್ಸಿನಲ್ಲೂ ಓಡುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆಡಳಿತ ಕಚೇರಿ ಇದೇ ಊರಿನಲ್ಲಿದೆ. ಕಲಿತು ಬರುವ ಹುಡುಗರ ಪೈಕಿ ಎಷ್ಟು ಜನ ಇವುಗಳ ಹೆಸರು ಕೇಳಿದ್ದಾರೆಂದು ಯಾರಾದರೂ ವಿಚಾರಿಸಿ ನೋಡಬೇಕು.

ಈ ನಡುವೆ ಕೊಲ್ಹಾಪುರದ ಕಡೆಯ ಒಬ್ಬ ಗಿರಾಕಿಯಿಂದ ಫೋನು ಬಂತು. ಸ್ಟೆಪ್ ಫೈಲು ಬೇಡ, ತಮ್ಮಲ್ಲಿರುವ ಸಾಫ್ಟ್‌ವೇರಿನ ಅಸಲಿ ಫೈಲೇ ಬೇಕು, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂಬ ಮಾತು. ಮಾಲಕರು ಆ ರಾತ್ರಿ ಊಟ ಮಾಡಲಿಲ್ಲವೆಂದು ಮನೆಯವರು ಹೇಳುತ್ತಾರೆ.

“ಮಾಮಾ, ಎಲ್ಲಾ ಲಿನಕ್ಸ್ ಮಾಡೂದ ಬ್ಯಾಡ ಹಂಗಾರ” ಎಂದು ಹುಡುಗನೇ ಸೋತ ದನಿಯಲ್ಲಿ ಹೇಳಿದ.

“ಎಲ್ಲಾ ಬಿಡೂದೂ ಬ್ಯಾಡೋ ತಮ್ಮಾ. ಡ್ರಾಯಿಂಗ್ ಬರದಾಂವ ನಾನ, ಕೀಲಿ ಮಾತ್ರ ಅವರ ಕಡೆ. ಮೊದಲ ನಂದ ನಾ ಬಿಡಿಸ್ಕೊತೀನಿ” ಎಂದರು ಮಾಲಕರು.

ಈಗ ಗೂಡಿನ ವ್ಯವಸ್ಥೆ ಹೀಗಿದೆ. ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ 10 ಹಾಗೆಯೇ ಉಳಿದಿದೆ. ಇಂಟರ್‌ನೆಟ್ ವೈರು ಕಿತ್ತು ಸುರುಳಿ ಸುತ್ತಿ ಮೊಳೆಗೆ ಹಾಕಿದ್ದಾರೆ. ಹಳೆಯ ಫೈಲಿನ ತಿದ್ದುಪಡಿ, ಕೊಲ್ಹಾಪುರದ ಕೆಲಸ ಅದರಲ್ಲಿ. ಇನ್ನೊಂದರಲ್ಲಿ ಲಿನಕ್ಸು. ಮೇಲ್, ಕೊಟೇಶನ್, ಸಪಾಟು ಡ್ರಾಯಿಂಗು, ಸರಳ ಪ್ಯಾಟರ್ನುಗಳ ಹೊಸ ಕೆಲಸ ಇದರಲ್ಲಿ. ನಡುವೆ ಪೆನ್‌ಡ್ರೈವಿನ ಓಡಾಟ. ಅದರ ಮೂಲಕವೂ ವೈರಸ್ಸು ದಾಟಬಹುದೆಂದು ಹುಡುಗ ಹೇಳಿದ ಮೇಲೆ ಹೊರಗಿನ ಪೆನ್‌ಡ್ರೈವ್ ಗೂಡಿನೊಳಗೆ ತರಬಾರದೆಂದು ಗಾಜಿನ ಮೇಲೆ ಚೀಟಿ ಅಂಟಿಸಿದ್ದಾರೆ.

ಧೈರ್ಯಗೆಡಿಸುವ ಮಾತು ಒಂದೇ. ಆ ಹಳೆಯ ಸಾಫ್ಟ್‌ವೇರಿನ ಲೈಸೆನ್ಸು ಆ ಯಂತ್ರಕ್ಕೇ ಕಟ್ಟಿದ್ದು. ಮದರ್‌ಬೋರ್ಡ್ ಹೋದರೆ ಇನ್ನೊಂದು ಯಂತ್ರದಲ್ಲಿ ಅದನ್ನು ಎಬ್ಬಿಸಲು ಕಂಪನಿಯ ಕದ ತಟ್ಟಬೇಕು. ಹೊಸ ಆವೃತ್ತಿಗೆ ಬನ್ನಿ ಎಂದರೆ ಕಟ್ಟದೆ ಬಿಟ್ಟ ವರ್ಷಗಳ ಬಾಕಿಯನ್ನೂ ಮಾರಾಟಗಾರರು ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ ಯಂತ್ರ ಜೀವಂತ ಇರುವಾಗಲೇ ಒಂದೊಂದೇ ಫೈಲು ಹೊರಗೆ ತೆಗೆಯಬೇಕು. ಪ್ರತಿ ಡ್ರಾಯಿಂಗಿಗೂ ಒಂದು ಸ್ಟೆಪ್, ಒಂದು ಡಿಎಕ್ಸ್‌ಎಫ್, ಒಂದು ಪಿಡಿಎಫ್. ಮುಖ್ಯ ಅಳತೆಗಳು ಮತ್ತು ಮಾಡಿದ ಕ್ರಮ ಒಂದು ನೋಟ್‌ಬುಕ್ಕಿನಲ್ಲಿ ಕೈಬರಹದಲ್ಲಿ. ಪರಿವರ್ತನೆಯನ್ನು ಹುಡುಗ ಬರೆದ ಮ್ಯಾಕ್ರೋ ಮಾಡುತ್ತದೆ. ನೋಟ್‌ಬುಕ್ ಮಾತ್ರ ಮಾಲಕರೇ ಬರೆಯಬೇಕು, ಏಕೆಂದರೆ ಯಾವ ಬಾಸ್ ಯಾಕೆ ಆ ಜಾಗದಲ್ಲಿದೆ ಎಂಬುದು ಅವರ ತಲೆಯಲ್ಲಿದೆ.

ಶನಿವಾರ ಪಗಾರ ಹಂಚಿದ ಮೇಲೆ, ಲೇತುಗಳು ನಿಂತ ಮೇಲೆ ಈ ಕೆಲಸ. ಹುಡುಗ ಎಣಿಸುತ್ತಾನೆ, ಮಾಮಾ ಕನ್ನಡಕ ಏರಿಸಿ ಬರೆಯುತ್ತಾರೆ. ಕಳೆದ ಶನಿವಾರ ಒಂಬತ್ತೂವರೆಗೆ 2018ರ ಫೋಲ್ಡರಿನ ಕೊನೆಯ ಫೈಲು ದಾಟಿತು. ಇನ್ನೂ ಏಳು ವರ್ಷದ ಫೋಲ್ಡರು ಬಾಕಿ ಇದೆ. ಹಳೆಯ ಯಂತ್ರದ ಫ್ಯಾನು ಆಗಾಗ ಕಿರ್ ಎನ್ನಲು ಶುರು ಮಾಡಿದೆ. ಮಾಲಕರು ಹೊಸ ಫ್ಯಾನು ತಂದು ಹಾಕಿಸಿದ್ದಾರೆ.